ಒಂದೇ ಪುಟದಲ್ಲಿ ಎರಡು ಅತ್ತಿ

ಮುದ್ದೇಬಿಹಾಳದ ಆ ಟೀಚರಮ್ಮನ ಹೊಟ್ಟೆಗೆ ವಿಷ ಹೋದದ್ದು ಕಂಪ್ಯೂಟರಿನಿಂದ ಅಲ್ಲ, ಟೈಪ್ ಮಾಡಿದವಳಿಂದಲೂ ಅಲ್ಲ. ನನ್ನ ಬಾಯಿಂದ. ಕಾಲೇಜಿನವರು ‘ಟೈಪಿಂಗಿನಲ್ಲಿ ಆದ ತಪ್ಪು’ ಎಂದು ಕಾಗದ ಮಾಡಿದರು, ಟೈಪ್ ಮಾಡಿದವಳ ಕೆಲಸ ಹೋಯಿತು. ನಾನು ಮೂರು ವಾರ ಬಾಯಿ ಮುಚ್ಚಿಕೊಂಡು ಕೂತೆ. ನಡೆದದ್ದು ಇಷ್ಟೇ. ಹೇಗೆ ನಡೆಯಿತು ಅಂತ ಕೇಳುವವರಿಗೆ ಮುಂದಿನದು.

ಮೊಬೈಲ್ ಎಂದರೆ ಇನ್ನೂ ಗುಂಡಿ ಒತ್ತುವುದಾಗಿದ್ದ ಕಾಲ. ಸಿಂದಗಿ ಕಡೆಯ ಒಂದು ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುವ ಮೇಡಂ ಒಬ್ಬರಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಹೂಗಿಡಗಳನ್ನೆಲ್ಲ ಫೋಟೋ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕುತ್ತೇನೆ ಅಂತ ಹೊರಟಿದ್ದರು. ಹೆಸರು ಹೇಳಲಿಕ್ಕೆ ಒಬ್ಬರು ಬೇಕಿತ್ತು. ನಾನು ಹನ್ನೆರಡನೇ ವಯಸ್ಸಿನಿಂದ ಕಳೆ ಕಿತ್ತವಳು. ಯಾವ ಕಳೆ ದನಕ್ಕೆ, ಯಾವುದು ಪಲ್ಯಕ್ಕೆ, ಯಾವುದು ಬದುವಿನಾಚೆ ಒಗೆಯಲಿಕ್ಕೆ ಎಂದು ಕೈಗೇ ಗೊತ್ತು. ನಮ್ಮೂರಿನ ಯಾರೋ ನನ್ನ ಹೆಸರು ಹೇಳಿದರು, ಮೇಡಂ ನಮ್ಮ ಕಟ್ಟೆಗೆ ಬಂದು ಕೂತರು.

ಕಂಪ್ಯೂಟರಿನಲ್ಲಿ ಹೂವಿನ ಬಣ್ಣ ಒತ್ತಬೇಕು, ಎಸಳು ಎಷ್ಟು ಅಂತ ಒತ್ತಬೇಕು, ಎಲೆ ಎದುರು-ಬದುರು ಇದೆಯೋ ಒಂದಾದ ಮೇಲೆ ಒಂದಿದೆಯೋ ಅದನ್ನೂ ಒತ್ತಬೇಕು, ಆಗ ಗಿಡದ ಫೋಟೋ ಮತ್ತು ಹೆಸರು ಬರುತ್ತದೆ ಎಂದು ವಿವರಿಸಿದರು.

“ಹೊಲದಾಗ ನಿಂತಾಕಿ ಬಾಜೂದಾಕಿನ್ನ ಕೇಳಿದ್ರ ಮುಗೀತಲ್ರಿ. ಇದಕ್ಯಾಕ ಇಷ್ಟು ಉಸಾಬರಿ?” ಎಂದೆ.

“ಬಾಜೂದಾಕಿ ಸತ್ತ ಮ್ಯಾಲ ಯಾರನ್ನ ಕೇಳೂದು, ಆಯಿ?”

“ಹಂಗಾರ ನಾ ಸಾಯೂದ್ರೊಳಗ ಬರಕೋರಿ.”

ಮೇಡಂ ನಕ್ಕರು. ಮಾರನೆಯ ವಾರದಿಂದ ಕೆಲಸ ಶುರುವಾಯಿತು.

ಕೆಲಸ ಹಗುರದ್ದಲ್ಲ. ಒಂದೊಂದು ಗಿಡಕ್ಕೆ ಐದು ಫೋಟೋ: ಇಡೀ ಗಿಡ, ಹೂ ಮುಂದಿನಿಂದ, ಹೂ ಹಿಂದಿನಿಂದ, ಎಲೆಯ ಹೊಟ್ಟೆ, ಎಲೆಯ ಬೆನ್ನು. ಪಕ್ಕದಲ್ಲಿ ಸ್ಟೀಲಿನ ಅಳತೆಪಟ್ಟಿ ಇಡಬೇಕು. ನಮ್ಮ ಬಯಲುಸೀಮೆಯ ಗಾಳಿ ನಿಮಗೆ ಗೊತ್ತಲ್ಲ, ನೆಗ್ಗಿಲಮುಳ್ಳಿನ ಹಳದಿ ಹೂ ಬೆರಳ ಉಗುರಿನಷ್ಟು, ಗಾಳಿಗೆ ಅಲ್ಲಾಡಿದರೆ ಫೋಟೋದಲ್ಲಿ ಅರಿಶಿನ ಚೆಲ್ಲಿದಂತೆ ಕಾಣುತ್ತದೆ. ನಾನು ಛತ್ರಿ ಅಡ್ಡ ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಿದ್ದೆ, ಮೇಡಂ ನೆಲದ ಮೇಲೆ ಮಲಗುತ್ತಿದ್ದರು. ಆಮೇಲೆ ಒಂದು ರೆಂಬೆ ಮುರಿದು ಹಳೇ ಪೇಪರಿನ ನಡುವೆ ಇಟ್ಟು, ಎರಡು ಹಲಗೆ ಹಾಕಿ, ಹಗ್ಗದಿಂದ ಬಿಗಿಯುವುದು. ಒಂದು ಸಲ ಮೂರು ದಿನ ಜಡಿಮಳೆ ಹಿಡಿದು ಒಂದು ಕಟ್ಟು ಪೂರ್ತಿ ಬೂಷ್ಟು ಬಂತು, ಎಲ್ಲವನ್ನೂ ಹೊಸದಾಗಿ ಹುಡುಕಿದೆವು.

ಕೊನೆಗೆ ಕಾರ್ಡು. ಪೋಸ್ಟ್ ಕಾರ್ಡಿಗಿಂತ ಸ್ವಲ್ಪ ದೊಡ್ಡದು. ಶಾಸ್ತ್ರದ ಹೆಸರು ಮೇಡಂ ಬರೆಯುವುದು. ಇಲ್ಲಿಯ ಹೆಸರು, ಉಪಯೋಗ, ಎರಡೂ ನಾನು ಹೇಳುವುದು. ಅದಕ್ಕೆ ಮೇಡಂ ಒಂದು ನಿಯಮ ಮಾಡಿದ್ದರು: ಒಂದು ಹೆಸರನ್ನು ಇಬ್ಬರು ಬೇರೆ ಬೇರೆ ಹೇಳಬೇಕು, ಆಮೇಲೆಯೇ ಖಾತ್ರಿಯ ಗೆರೆ ಹೊಡೆಯುವುದು. ಒಳ್ಳೆಯ ನಿಯಮ. ಅದನ್ನು ಕೆಡಿಸಿದವಳು ನಾನು.

ಇಂಡಿ ತಾಲೂಕಿನಲ್ಲಿ, ಲಚ್ಯಾಣದಿಂದ ಸ್ವಲ್ಪ ಆಚೆ, ಒಂದು ಕಳ್ಳಿಬೇಲಿಯಲ್ಲಿ ಆ ಬಳ್ಳಿ ಸಿಕ್ಕಿತು. ಎಸಳು ಮೇಲಕ್ಕೆ ಮಗುಚಿಕೊಂಡು, ಬುಡದಲ್ಲಿ ಹಳದಿ, ತುದಿಯಲ್ಲಿ ಬೆಂಕಿಯ ಕೆಂಪು. ಎಲೆಯ ತುದಿಯೇ ಬಾಲದ ಹಾಗೆ ಸುತ್ತಿ ಬೇಲಿಯನ್ನು ಹಿಡಿದಿರುತ್ತದೆ. ಮೇಡಂ ಚಪ್ಪಾಳೆ ತಟ್ಟುವುದೊಂದು ಬಾಕಿ.

“ಆಯಿ, ಪುಸ್ತಕದಾಗ ಇದಕ್ಕ ಅಗ್ನಿಶಿಖೆ ಅಂತಾರ. ಈ ಕಡಿ ಮಂದಿ ಏನಂತಾರ?”

ಈ ಕಡೆಯವರು ಗೌರಿ ಹೂ ಅನ್ನುತ್ತಾರೆ. ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನ ಅತ್ತೆಯ ಹೆಸರು ಗೌರವ್ವ. ಅತ್ತೆ, ಮಾವ, ಗಂಡ, ಇವರ ಹೆಸರು ಸೊಸೆಯಾದವಳ ಬಾಯಲ್ಲಿ ಬರಬಾರದು ಎಂದು ಕಲಿಸಿದ ಕಾಲದವಳು ನಾನು. ಹೆಸರಷ್ಟೇ ಅಲ್ಲ, ಆ ಹೆಸರು ಅಡಗಿರುವ ಮಾತೂ ಬರಬಾರದು. ಗೌರಿ ಹುಣ್ಣಿಮೆಯನ್ನು ನಮ್ಮ ಮನೆಯ ಸೊಸೆಯಂದಿರು ಸಕ್ಕರಿ ಹುಣ್ಣಿವಿ ಅನ್ನುತ್ತಿದ್ದೆವು. ಈ ಹೂವನ್ನು ಅತ್ತೆಯ ಹೂ ಎಂದು, ನಮ್ಮ ಮಾತಿನಲ್ಲಿ ಅತ್ತಿ ಹೂ. ಅತ್ತೆ ಸತ್ತು ಇಪ್ಪತ್ತು ವರ್ಷವಾಗಿತ್ತು. ಆದರೂ ನಾಲಿಗೆ ಹೊರಳಲಿಲ್ಲ.

“ಅತ್ತಿ ಹೂ” ಎಂದೆ.

“ಅತ್ತಿ? ಅತ್ತಿಹಣ್ಣಿನ ಗಿಡ ಬ್ಯಾರೆ ಐತಲ್ಲ?”

“ಅದು ಗಿಡದ್ದು. ಇದು ಬಳ್ಳೀದು.”

“ಎರಡನೇದವ್ರು ಯಾರನ್ನ ಕೇಳೂಣು?”

“ಯಾರನ್ನ ಕೇಳ್ತೀರಿ? ನಮ್ಮ ಕಡಿ ಹೆಣ್ಮಕ್ಕಳೆಲ್ಲಾ ಹಂಗ ಅಂತಾರ.”

ಹೆಣ್ಣುಮಕ್ಕಳೆಲ್ಲ ಎಂದರೆ ನಾವು ನಾಲ್ಕು ಜನ ನೆಗೆಣ್ಣಿಯರು, ಒಂದೇ ಮನೆಯ ಸೊಸೆಯಂದಿರು. ಅದನ್ನು ಹೇಳಲಿಲ್ಲ. ಹೇಳಬಹುದಿತ್ತು, ‘ನಮ್ಮ ಅತ್ತಿ ಹೆಸರು ಐತ್ರಿ ಅದರಾಗ’ ಅಂದಿದ್ದರೆ ಸಾಕು, ಮೇಡಂಗೆ ತಿಳಿಯುತ್ತಿತ್ತು. ಆದರೆ ಹೋದ ಊರಲ್ಲೆಲ್ಲ ಅವರು ‘ಇವರಿಗೆ ಗೊತ್ತಿಲ್ಲದ ಗಿಡಾನ ಇಲ್ಲ’ ಎಂದು ನನ್ನನ್ನು ಮುಂದೆ ಮಾಡುತ್ತಿದ್ದರು. ಆ ಮಾತಿನ ರುಚಿ ಹತ್ತಿತ್ತು ನನಗೆ. ಹೇಳಲಿಕ್ಕೆ ಬರದ ಹೆಸರೂ ಒಂದಿದೆ ಎಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಮೇಡಂ ಹೆಸರಿನ ಜಾಗದಲ್ಲಿ ‘ಅತ್ತಿ’ ಎಂದು ಬರೆದು ಗೆರೆ ಹೊಡೆದರು. ಕಾರ್ಡಿನ ಹಿಂದೆ ಕೆಂಪು ಶಾಯಿಯಲ್ಲಿ ‘ಗಡ್ಡೆ ಭಾರೀ ವಿಷ’ ಎಂದೂ ಬರೆದರು. ಅವರ ಕಡೆಯಿಂದ ಏನೂ ಕಡಿಮೆಯಾಗಲಿಲ್ಲ.

ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕುವವಳು ಸಿಂದಗಿಯ ಒಬ್ಬ ಹೆಣ್ಣುಮಗಳು. ಮೂವತ್ತರ ಆಸುಪಾಸು, ಒಂದು ಕಾಲು ಎಳೆದು ನಡೆಯುತ್ತಿದ್ದಳು. ಹೊಲದ ಕೆಲಸ ಆಗುವುದಿಲ್ಲವೆಂದು ಟೈಪಿಂಗ್ ಕಲಿತವಳು. ಈ ಗಿಡಗಳ ಕೆಲಸ ಚೆನ್ನಾಗಿ ಮುಗಿಸಿದರೆ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕಾಯಂ ಮಾಡಿಕೊಳ್ಳುತ್ತೇವೆ ಎಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಕರೆಂಟು ಹೋದರೆ ಬರುವ ತನಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಫೋಟೋ ಮೇಲೇರಲು ಅರ್ಧ ತಾಸು, ಅದರ ಮುಂದೆ ಕೈಕಟ್ಟಿ ಕಾಯುತ್ತಿದ್ದಳು.

ಆ ಯಂತ್ರದಲ್ಲಿ ಇಲ್ಲಿಯ ಒಂದು ಹೆಸರಿಗೆ ಒಂದೇ ಪುಟ. ಅದೇ ಹೆಸರಿನ ಇನ್ನೊಂದು ಕಾರ್ಡು ಹಾಕಿದರೆ ಹಳೇ ಬರಹ ಅಳಿದು ಹೊಸದು ಕೂರುತ್ತದೆ, ಫೋಟೋ ಹಳೆಯದೇ ಉಳಿಯುತ್ತದೆ. ದೀಪಾವಳಿಯ ಮುಂಚೆ ಮೇಡಂ ಪೇಪರ್ ತಿದ್ದುವ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದರು. ಏನಾದರೂ ತಿಳಿಯದಿದ್ದರೆ ಆಯಿಯನ್ನು ಕೇಳು ಎಂದು ಅವಳಿಗೆ ಹೇಳಿ ಹೋಗಿದ್ದರು. ನಾನು ಹೋದ ದಿನ ಅವಳ ಕೈಯಲ್ಲಿ ಅತ್ತಿಹಣ್ಣಿನ ಮರದ ಕಾರ್ಡು ಇತ್ತು. ಅದರ ಫೋಟೋ ಮಸುಕಾಗಿದೆ, ಇನ್ನೊಮ್ಮೆ ತೆಗೆಯಬೇಕು ಎಂದು ಬಿಟ್ಟಿದ್ದರು. ಉಪಯೋಗ ಮಾತ್ರ ಬರೆದಿತ್ತು, ನಾನೇ ಹೇಳಿದ್ದು: ಹೊಟ್ಟೆ ಉರಿತಕ್ಕೆ, ಉಷ್ಣಕ್ಕೆ ಬೇರು ಜಜ್ಜಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯುವುದು.

“ಆಯಿ, ಅತ್ತಿ ಅಂತ ಮೊದಲ ಒಂದು ಹಾಕೇನಿ. ಈಗ ಮತ್ತೊಂದು ಬಂದೈತಿ” ಎಂದಳು. “ಎರಡೂ ಅತ್ತಿನ ಏನ್ರಿ? ಒಂದಕ್ಕ ಬ್ಯಾರೆ ಹೆಸರು ಐತೇನು? ಇದ್ರ ಹೇಳ್ರಿ, ಹಾಕಿ ಬಿಡ್ತೀನಿ.”

ಇದಕ್ಕಿಂತ ಬಿಡಿಸಿ ಯಾರು ಕೇಳುತ್ತಾರೆ? ಪಕ್ಕದ ಯಂತ್ರದ ಮುಂದೆ ಇಬ್ಬರು ಗಂಡಸರು ಕೂತಿದ್ದರು. ಗಂಡಸರೆದುರು ಅತ್ತೆಯ ಹೆಸರು ಎತ್ತುವುದೇ? ಬಸ್ಸಿನ ಹೊತ್ತೂ ಆಗಿತ್ತು.

“ಎರಡೂ ಅತ್ತಿನ” ಎಂದೆ. “ಬ್ಯಾರೆ ಹೆಸರು ಗಿಸರು ಏನಿಲ್ಲ.”

“ಖರೇನ?”

“ಏ, ನಿನಗಿಂತ ನನಗ ಹೆಚ್ಚ ಗೊತ್ತೈತಿ. ಹೊಡಿ.”

ಅವಳು ಟೈಪ್ ಹೊಡೆದಳು. ಕೆಂಪು ಶಾಯಿಯ ಮಾತು ಅಳಿಯಿತು. ಬೆಂಕಿಯಂಥ ಹೂವಿನ ಫೋಟೋದ ಕೆಳಗೆ, ಬೇರು ಜಜ್ಜಿ ಕುಡಿಯಿರಿ ಎಂಬ ನನ್ನ ಮಾತು ಬಂದು ಕೂತಿತು.

ಮೇಡಂಗೆ ಮುದ್ದೇಬಿಹಾಳದಿಂದ ಫೋನು ಬಂದದ್ದು ಮುಂದಿನ ಮುಂಗಾರಿನಲ್ಲಿ, ಆ ಬಳ್ಳಿ ಮತ್ತೆ ಚಿಗುರಿದಾಗ. ಅಲ್ಲಿಯ ಪ್ರಾಥಮಿಕ ಶಾಲೆಯ ಟೀಚರಮ್ಮ ಒಬ್ಬಳು, ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದು ಸೊಸೆಯಾಗಿ ಬಂದವಳು, ನಮ್ಮ ಪುಟವನ್ನು ಇಂಟರ್‌ನೆಟ್ ಅಂಗಡಿಯಲ್ಲಿ ನೋಡಿ ಪ್ರಿಂಟ್ ಮಾಡಿಸಿದ್ದಳು. ಹೊಟ್ಟೆ ಉರಿತ ಇತ್ತಂತೆ. ಶಾಲೆಯ ಬೇಲಿಯಲ್ಲೇ ಬಳ್ಳಿ ಇತ್ತು. ಅಗೆದಾಗ ನೇಗಿಲ ಕೊಕ್ಕಿನಂಥ ಗಡ್ಡೆ ಸಿಕ್ಕಿದೆ, ಬೇರು ಇದೇ ಎಂದು ಜಜ್ಜಿ, ನೆನೆಸಿ, ಕುಡಿದಿದ್ದಾಳೆ. ಮಧ್ಯಾಹ್ನದೊಳಗೆ ವಾಂತಿ ಭೇದಿ ಹತ್ತಿ ವಿಜಾಪುರದ ಆಸ್ಪತ್ರೆಗೆ ಹಾಕಿದ್ದರು. ಉಳಿಯುತ್ತಾಳೋ ಇಲ್ಲವೋ ಎಂದು ಎರಡು ದಿನ ಡಾಕ್ಟರೂ ಹೇಳಲಿಲ್ಲ.

ಮೇಡಂ ಆ ಕ್ಷಣವೇ ಪುಟ ತೆಗೆಸಿದರು. ಆಮೇಲೆ ನನ್ನನ್ನೂ ಟೈಪ್ ಮಾಡಿದವಳನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆದರು. ಮೇಜಿನ ಮೇಲೆ ಎರಡೂ ಕಾರ್ಡು ಇದ್ದವು.

“ಎರಡು ಕಾರ್ಡ್ ಕೂಡಿಸಿದ್ದು ಯಾಕ?” ಎಂದು ಪ್ರಿನ್ಸಿಪಾಲರು ಅವಳನ್ನು ಕೇಳಿದರು.

“ಆಯಿನ್ನ ಕೇಳಿದ್ದೆ ಸರ್. ಎರಡೂ ಅತ್ತಿನ ಅಂದ್ರು. ಬ್ಯಾರೆ ಹೆಸರು ಇಲ್ಲ ಅಂದ್ರು.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಏನು ಹೇಳಿದೆ ಗೊತ್ತೆ?

“ನನಗೇನ್ ಗೊತ್ತ್ರಿ ಅದರಾಗ ಏನು ಬರದೈತಿ ಅಂತ. ನಾ ಓದಾಕ ಬರದಾಕಿ. ಆಕಿ ಕೇಳಿದ್ದು ನೆನಪಿಲ್ರಿ.”

ನಾನು ಮೂರನೇ ಇಯತ್ತೆ ಓದಿದವಳು. ತಡವಾಗಿಯಾದರೂ ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುತ್ತೇನೆ. ಆ ಕೋಣೆಯಲ್ಲಿ ಮಾತ್ರ ಹೆಬ್ಬೆಟ್ಟಿನವಳಾದೆ. ಓದು ಬಾರದ ಮುದುಕಿ ಎಂದರೆ ಮುಂದೆ ಯಾರೂ ಕೇಳುವುದಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಮೂರು ತಿಂಗಳ ಹಿಂದೆ ಅವಳ ಪಕ್ಕ ಕೂತು, ಅವಳು ಟೈಪ್ ಮಾಡಿದ್ದನ್ನು ನಾನು ಜೋರಾಗಿ ಓದಿ ತಪ್ಪು ತೋರಿಸಿದ್ದೆ. ಅದನ್ನು ಅವಳು ಅಲ್ಲಿ ಎತ್ತಲಿಲ್ಲ. ಯಾಕೆ ಎತ್ತಲಿಲ್ಲವೋ ನಾನು ಇವತ್ತಿಗೂ ಕೇಳಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಕಾಲೆಳೆಯುತ್ತ ಹೋದಳು. ನಾಳೆಯಿಂದ ಬರಬೇಡ ಎಂದು ಹೇಳಿ ಕಳಿಸಿದರು.

ಮೂರು ವಾರ ನಾನು ಎಂದಿನ ಹಾಗೆ ಕೆಲಸಕ್ಕೆ ಹೋದೆ. ಗಿಡ ತೋರಿಸಿದೆ, ಹೆಸರು ಹೇಳಿದೆ. ಊಟವೂ ಇಳಿಯುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಅದನ್ನೂ ಇದ್ದ ಹಾಗೆಯೇ ಹೇಳಬೇಕು.

ಟೀಚರಮ್ಮ ಬದುಕಿ ಮನೆಗೆ ಬಂದಳೆಂದು ಗೊತ್ತಾದ ಮೇಲೆ ಮೇಡಂ ಕಾಣಲು ಹೊರಟರು. ನನ್ನನ್ನೂ ಕರೆದರು. ಮುದ್ದೇಬಿಹಾಳದಲ್ಲಿ, ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ಟೀಚರಮ್ಮ ಗೋಡೆಗೊರಗಿ ಕೂತಿದ್ದಳು, ತಲೆತುಂಬ ಸೆರಗು ಬಿಗಿದುಕೊಂಡಿದ್ದಳು. ನಮಸ್ಕಾರ ಮಾಡಲು ಬಾಗಿದಾಗ ಸೆರಗು ಜಾರಿತು. ತಲೆಯಲ್ಲಿ ಕೂದಲೇ ಇರಲಿಲ್ಲ, ಅಲ್ಲಲ್ಲಿ ನಾಲ್ಕು ಎಳೆ. ಆ ಗಡ್ಡೆಯ ವಿಷವೇ ಹಾಗಂತೆ, ಉಳಿದವರ ಕೂದಲನ್ನು ಹದಿನೈದು ದಿನಕ್ಕೆ ಉದುರಿಸುತ್ತದೆ. ಅವಳು ಗಡಬಡಿಸಿ ಸೆರಗು ಎಳೆದುಕೊಂಡಳು. ನಾನು ನೆಲ ನೋಡಿದೆ.

ಅವಳ ಅತ್ತೆ, ನನ್ನ ವಯಸ್ಸಿನವಳು, ಚಹಾ ತಂದಿಟ್ಟು ಶುರು ಮಾಡಿದಳು.

“ನಾ ಬಡಕೊಂಡ್ನಿ ರೀ, ಅತ್ತಿ ಅಂದ್ರ ಇಷ್ಟ ದೊಡ್ಡ ಗಿಡಾ ಇರ್ತೈತಿ, ಬಳ್ಳಿ ಅಲ್ಲ ಅಂತ. ಕೇಳಬೇಕಲ್ಲ ಈಕಿ? ಕಾಲೇಜಿನವರು ಕಂಪ್ಯೂಟರನ್ಯಾಗ ಹಾಕ್ಯಾರ, ನಿಮಗೇನ್ ತಿಳೀತೈತಿ ಅಂದ್ಳು. ಯಾರ್ರೀ ಅದನ್ನ ಬರದಾಕಿ?”

“ಟೈಪ್ ಮಾಡಿದಾಕಿದು ತಪ್ಪಾಗೇತ್ರಿ. ಆಕಿನ್ನ ತೆಗದೇವಿ” ಎಂದರು ಮೇಡಂ.

“ಛಲೋ ಮಾಡೀರಿ. ಆಕಿ ಕೈಗೆ ಹುಳಾ ಬೀಳಲಿ. ಆಕಿ ಮನಿಯಾಗ ದೀಪಾ ಹತ್ತದಂಗಾಗಲಿ. ಹೌದಲ್ಲೇನ್ ಬೇ?” ಎಂದು ಆ ಮುದುಕಿ ನನ್ನ ಕಡೆ ನೋಡಿದಳು.

ನಾನು ತಲೆ ಆಡಿಸಿದೆ. ಹೌದು ಎಂದು. ಆ ಕುಂಟು ಹೆಣ್ಣಿನ ಕೈಗೆ ಹುಳ ಬೀಳಲಿ ಎಂದು ನಾನೂ ಕೂಡಿ ಶಾಪ ಹಾಕಿದ ಹಾಗಾಯಿತು. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ಕೀಳು ಕೆಲಸ ಯಾವುದು ಅಂದರೆ ಆ ತಲೆ ಆಡಿಸಿದ್ದು.

ವಾಪಸು ಬರುವಾಗ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಸಿಂದಗಿ ಬಸ್ಸಿಗೆ ಇನ್ನೂ ಹೊತ್ತಿತ್ತು, ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಶೇಂಗಾ ಮಾರುವವಳು ಬಂದು ಹೋದಳು.

“ಮೇಡಮ್ರ, ಆ ಬಳ್ಳಿ ಹೆಸರು ಅತ್ತಿ ಅಲ್ರಿ.”

“ಮತ್ತ?”

ನಾಲಿಗೆ ಆಗಲೂ ತಡೆಯಿತು. “ಗೌರಿ ಹೂ” ಎಂದೆ. “ನಮ್ಮತ್ತಿ ಹೆಸರು ಗೌರವ್ವ. ಅದಕ್ಕ ಅನ್ನಲಿಲ್ಲ. ಆ ಹುಡಿಗಿ ನನ್ನ ಕೇಳಿದ್ಳು. ಬ್ಯಾರೆ ಹೆಸರು ಐತೇನು ಅಂತ ಬಾಯಿಬಿಟ್ಟು ಕೇಳಿದ್ಳು. ಇಲ್ಲ ಅಂದ್ನಿ. ಆಮ್ಯಾಲ ಕೇಳೇ ಇಲ್ಲ ಅಂದ್ನಿ. ನನಗ ಓದಾಕೂ ಬರ್ತೈತಿ.”

ಎದುರಿನ ಬಸ್ಸು ಹಿಂದೆ ಸರಿದು, ಹಾರ್ನ್ ಹೊಡೆದು, ಹೋಯಿತು.

“ಎರಡಕ್ಷರ, ಆಯಿ” ಎಂದರು ಮೇಡಂ. “ಎರಡಕ್ಷರ ಅನ್ನಾಕ ಏನಾಗಿತ್ತು ನಿಮಗ?”

ಅವರು ಮುಖ ಒರೆಸಿಕೊಂಡರು. “ನಾನೂ ಕತ್ತೆನ. ಎರಡನೇದವ್ರನ್ನ ಕೇಳದ ಗೆರಿ ಹೊಡದೆ. ಹಿಂತಾವು ಇನ್ನ ಎಷ್ಟ ಅದಾವು?”

ಬೆರಳು ಮಡಚಿ ಎಣಿಸಿದೆ. ಬಸಳಿಗೆ ಬಳ್ಳಿಪಲ್ಯ ಎಂದಿದ್ದೆ, ಮಾವ ಬಸಪ್ಪ. ಲಿಂಗತೊಂಡೆಗೆ ಮನಿಯವರ ಬಳ್ಳಿ ಎಂದಿದ್ದೆ, ಗಂಡ ಲಿಂಗಪ್ಪ. ಹೀಗೆ ಏಳು ಕಾರ್ಡು.

“ಏಳು?” ಎಂದರು ಮೇಡಂ. “ಇವು ನಿಮ್ಮೊಬ್ಬರವು. ಉಳಿದ ಊರಾಗ ನಮಗ ಹೆಸರು ಹೇಳಿದವ್ರು ಯಾರು? ಎಲ್ಲಾ ಸೊಸೆಂದ್ರ.”

ಅದು ನನಗೆ ಹೊಳೆದಿರಲಿಲ್ಲ. ಪ್ರತಿ ಊರಲ್ಲೂ ಹೊಲದಲ್ಲಿ ಸಿಕ್ಕವರನ್ನು ಕೇಳಿದ್ದೆವು, ಸಿಕ್ಕವರೆಲ್ಲ ಆ ಊರಿಗೆ ಸೊಸೆಯಾಗಿ ಬಂದವರು. ಒಬ್ಬೊಬ್ಬಳ ಬಾಯಲ್ಲೂ ಮೂರು ನಾಲ್ಕು ಹೆಸರಿಗೆ ಬೀಗ. “ಇನ್ನ ಮ್ಯಾಲ ಊರಿನ ಮಗಳನ್ನ ಕೇಳಬೇಕ್ರಿ” ಎಂದೆ. “ಇನ್ನೂ ಲಗ್ನ ಆಗದಾಕಿನ್ನ. ಆಕಿ ಎಲ್ಲಾ ಹೆಸರೂ ಅಂತಾಳ.” ಮೇಡಂ ಚೀಟಿಯಲ್ಲಿ ಬರೆದುಕೊಂಡರು. ನಾಲ್ಕೂ ತಾಲೂಕಿನ ಪುಟಗಳನ್ನೆಲ್ಲ ಮುಚ್ಚಿ, ಹೆಸರುಗಳನ್ನು ಮೊದಲಿನಿಂದ ಕೇಳುವುದೆಂದು ಆ ಬೆಂಚಿನ ಮೇಲೆ ತೀರ್ಮಾನವಾಯಿತು. ಅಲ್ಲಿಯತನಕ ಮಾಡಿದ್ದು ಒಂದೂವರೆ ವರ್ಷದ ಕೆಲಸ. ಸಿಂದಗಿ ಮುಟ್ಟಿದ ಮೇಲೆ ನಾನು ನಮ್ಮೂರಿನ ಬಸ್ಸು ಹಿಡಿದೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಸಿಂದಗಿಗೆ ಹೋದೆ. ಟೈಪ್ ಮಾಡುವವಳ ಮನೆ ಕೇಳಿಕೊಂಡು ಹೋದಾಗ ಅವಳು ಬಾಗಿಲಲ್ಲಿ ಕೂತು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಒಳಗೆ ಬಾ ಅನ್ನಲಿಲ್ಲ. ನಾನು ಓಣಿಯಲ್ಲೇ ನಿಂತು ಹೇಳಿದೆ.

“ಎರಡೂ ಅತ್ತಿನ ಅಂತ ಹೇಳಿದಾಕಿ ನಾನ. ನೀ ಕೇಳಿದ್ದು ನನಗ ನೆನಪೈತಿ.”

ಅವಳು ದಾರ ಹಲ್ಲಿನಿಂದ ಕಡಿದಳು. “ಅದು ನನಗ ಗೊತ್ತೈತಿ, ಆಯಿ. ಗೊತ್ತಿಲ್ಲದವರ ಮುಂದ ಹೋಗಿ ಹೇಳ್ರಿ.”

ಅಲ್ಲಿಂದ ನೆಟ್ಟಗೆ ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರು ಬರುವ ತನಕ ಬಾಗಿಲಲ್ಲಿ ನಿಂತೆ. ಅವರು ಬಂದರು, ಗುಮಾಸ್ತರೂ ಬಂದರು, ಇನ್ನಿಬ್ಬರು ಮಾಸ್ತರರು ಒಳಗಿದ್ದರು. ಎಲ್ಲರೆದುರೂ ಹೂವಿನ ಹೆಸರು ಹೇಳಿದೆ, ಅತ್ತೆಯ ಹೆಸರು ಹೇಳಿದೆ, ನಡೆದದ್ದು ಹೇಳಿದೆ. ಬಾಯಿಮಾತು ನಡೆಯುವುದಿಲ್ಲ, ಬರಹದಲ್ಲಿ ಬೇಕು ಎಂದರು. ಗುಮಾಸ್ತರು ತಾವೇ ಬರೆಯಲು ಕಾಗದ ಎಳೆದುಕೊಂಡು, ಹೆಬ್ಬೆಟ್ಟಿಗೆಂದು ಶಾಯಿಡಬ್ಬಿ ನನ್ನ ಕಡೆ ಸರಿಸಿದರು.

“ಪೆನ್ ಕೊಡ್ರಿ. ನನಗ ಬರಿಯಾಕ ಬರ್ತೈತಿ” ಎಂದೆ.

ನಾಲ್ಕು ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು. ಒಬ್ಬ ಮಾಸ್ತರರು ಗಡಿಯಾರ ನೋಡಿಕೊಂಡು ಎದ್ದು ಹೋದರು. ಬರೆದು ಮುಗಿಸಿ ಕಾಗದ ಮುಂದೆ ಇಟ್ಟೆ. ಪ್ರಿನ್ಸಿಪಾಲರು ಅದನ್ನು ತಿರುಗಿಸಿ ನನ್ನ ಕಡೆಗೇ ಇಟ್ಟರು.

“ಏನ್ ಬರದೀರಿ, ನೀವ ಓದಿ ಹೇಳ್ರಿ.”

ನಿಂತುಕೊಂಡು ಓದಿದೆ.